ಬಾಯಾರಿಕೆ ಮರೆತ ಅಕ್ಕ

ಲಾಂಡ್ರಿಯಲ್ಲಿ ನಮ್ಮಕ್ಕನನ್ನು ಎಲ್ಲರೂ ಕರೆಯೋದು ಟ್ಯಾಂಕರ್ ಅಂತ. ದಪ್ಪಗಿದ್ದಾಳೆ ಅಂದ್ಕೋಬೇಡಿ, ಕಡ್ಡಿ ಹಾಗಿದ್ದಾಳೆ. ನೀರು ಕುಡಿಯೋ ಪರಿಗೆ ಬಂದ ಹೆಸರು ಅದು. ನಾವಿಬ್ಬರೂ ದುಡಿಯೋದು ಆಸ್ಪತ್ರೆಯ ಬಟ್ಟೆಗಳನ್ನು ಒಗೆಯುವ ಲಾಂಡ್ರಿಯಲ್ಲಿ. ನಾನು ಇಸ್ತ್ರಿ ಯಂತ್ರದ ಹತ್ತಿರ, ಅವಳು ಒಗೆಯೋ ಯಂತ್ರಗಳ ಹತ್ತಿರ. ಒಂದು ಒಗೆತ ಮುಗಿದು ಯಂತ್ರ ಬೆಲ್ ಹೊಡೆದರೆ ಸಾಕು, ಅಕ್ಕನ ಕೈ ಲೋಟಕ್ಕೆ ಹೋಗುತ್ತೆ. ಬೇಕಿರಲಿ ಬೇಡದಿರಲಿ, ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಆಮೇಲೇ ಯಂತ್ರದ ಬಾಗಿಲು ತೆಗೆಯೋದು.

ಇದಕ್ಕೆ ಕಾರಣ ಅಪ್ಪ. ಅಪ್ಪನೂ ಇದೇ ಲಾಂಡ್ರಿಯಲ್ಲಿ ಹಬೆ ಕೋಣೆಯ ಕೆಲಸಕ್ಕಿದ್ದರು. ಒಂದು ಬೇಸಿಗೆಯ ಮಧ್ಯಾಹ್ನ ಚಾದರದ ಗಾಡಿ ತಳ್ಳುತ್ತಾ ಅಲ್ಲೇ ಕುಸಿದುಬಿದ್ದರು. ಮೊದಲು ಓಡಿಹೋದವಳು ಅಕ್ಕ. ತುಟಿ ಬಿರಿದಿತ್ತಂತೆ, ನಾಲಿಗೆ ಹೊರಳ್ತಿರಲಿಲ್ಲವಂತೆ. ಮೈಯಲ್ಲಿ ನೀರೇ ಇಲ್ಲ ಅಂದರು ಡಾಕ್ಟರು. ಅಪ್ಪ ಉಳಿಯಲಿಲ್ಲ. ಅವತ್ತಿನಿಂದ ಅಕ್ಕ ತನ್ನ ಬಾಯಿ ಒಣಗೋದಕ್ಕೆ ಬಿಟ್ಟವಳೇ ಅಲ್ಲ.

ಇಂಥವಳಿಗೆ ನಲವತ್ತು ದಾಟಿದ ಮೇಲೆ ಓಡುವ ಹುಚ್ಚು ಹತ್ತಿತು. ಮಂಡಿನೋವಿಗೆ ಒಳ್ಳೇದು ಅಂತ ಯಾರೋ ಹೇಳಿದ್ದಕ್ಕೆ ಪಾರ್ಕಿನಲ್ಲಿ ನಡೆಯೋಕೆ ಹೋದಳು, ನಡಿಗೆ ಓಟವಾಯಿತು, ಓಟ ಮ್ಯಾರಥಾನ್‌ವರೆಗೆ ಬಂತು. "ನಿನಗೇನು ತಲೆಕೆಟ್ಟಿದೆಯಾ? ನಿಂತ ಕಾಲಲ್ಲಿ ದಿನವಿಡೀ ದುಡಿಯೋದು ಸಾಲದಾ?" ಅಂದೆ. "ದುಡಿಯೋದು ಅವರಿಗೆ, ಓಡೋದು ನನಗೆ" ಅಂದಳು. ಕೇಳಿ ನನಗೆ ಇನ್ನೂ ಸಿಟ್ಟು ಬಂತು.

ಮ್ಯಾರಥಾನ್‌ಗೆ ಕೆಲವೇ ವಾರ ಉಳಿದಿತ್ತು. ಅವತ್ತು ಭಾನುವಾರ, ಅಭ್ಯಾಸದ ಕೊನೆಯ ದೂರದ ಓಟ. ಅವಳು ಮುಂದೆ, ನಾನು ಹಿಂದೆ ಸೈಕಲ್ ಮೇಲೆ, ಬುಟ್ಟಿ ತುಂಬಾ ನೀರಿನ ಬಾಟಲಿ. ಕೈಗೆ ಹೊಸ ಗಡಿಯಾರ ಕಟ್ಟಿದ್ದಳು. ಒಂದೊಂದು ಕಿಲೋಮೀಟರ್ ಮುಗಿದಾಗಲೂ ಅದು ಟಿಣ್ ಅನ್ನುತ್ತೆ. ಟಿಣ್ ಅಂದರೆ ಅಕ್ಕನಿಗೆ ಲಾಂಡ್ರಿಯ ಬೆಲ್ ಹೊಡೆದ ಹಾಗೇ. ಹಿಂದಕ್ಕೆ ಕೈ ಚಾಚೋಳು, ನಾನು ಬಾಟಲಿ ಕೊಡಬೇಕು. ಸಾಲದ್ದಕ್ಕೆ, ಉಪ್ಪು ತಿಂದರೆ ಮೈ ಭಾರವಾಗುತ್ತೆ ಅಂತ ಪಾರ್ಕಿನ ಗೆಳತಿಯರ ಮಾತು ಕೇಳಿ ಊಟದಲ್ಲಿ ಉಪ್ಪು ಬಿಟ್ಟಿದ್ದಳು. ಅವಳ ಸಪ್ಪೆ ಊಟ ನೋಡಿದರೇ ನನಗೆ ಹಸಿವು ಸತ್ತುಹೋಗ್ತಿತ್ತು.

ಓಟ ಮುಗಿಯುತ್ತಾ ಬಂದಾಗ ತಲೆನೋವು ಅಂದಳು. ಕೈ ನೋಡಿದರೆ ಬೆರಳು ಊದಿಕೊಂಡು ಉಂಗುರ ಮಾಂಸದೊಳಗೆ ಹೂತುಹೋಗಿದೆ. ಸೇತುವೆ ಹತ್ತಿರ ನಿಂತು ಕಾರಿಕೊಂಡಳು. ಬರೀ ನೀರು. ಬಿಸಿಲಿಗೆ ಹೀಗಾಯಿತು ಅಂತ ನಾನು ಮತ್ತೆ ಬಾಟಲಿ ಚಾಚಿದರೆ ಅದನ್ನು ತಳ್ಳಿ, ನನ್ನ ಮುಖ ದಿಟ್ಟಿಸಿ ನೋಡಿದಳು.

"ಚಾದರ ಎಲ್ಲಾ ಬಂತಾ?" ಅಂದಳು.

"ಯಾವ ಚಾದರನೇ?"

"ಅಪ್ಪ ಅಲ್ಲೇ ಮಲಗಿದ್ದಾರಲ್ಲ, ಎಬ್ಬಿಸು. ಊಟದ ಹೊತ್ತಾಯ್ತು."

ಸೈಕಲ್ ಅಲ್ಲೇ ಬಿಸಾಕಿ, ರಸ್ತೆ ಮಧ್ಯೆ ನಿಂತು ಬರುವ ಕಾರಿಗೆಲ್ಲ ಕೈ ಅಡ್ಡ ಹಿಡಿದೆ. ಯಾರೋ ಪುಣ್ಯಾತ್ಮ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅವಳ ತಲೆ ನನ್ನ ಭುಜದ ಮೇಲೆ ಅತ್ತಿತ್ತ ಹೊರಳ್ತಾ ಇತ್ತು. ಅಪ್ಪನ ಹಾಗೇ ಇವಳೂ ಹೋಗಿಬಿಡ್ತಾಳೆ ಅನ್ನೋದೊಂದೇ ನನ್ನ ತಲೆಯಲ್ಲಿ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಹೊರಗೆ ಬಂದರು. "ಮೈಯಲ್ಲಿ ನೀರು ಕಡಿಮೆಯಾಗಿದೆಯಾ ಮೇಡಂ?" ಅಂದೆ. "ಕಡಿಮೆ ಅಲ್ಲಮ್ಮಾ, ಹೆಚ್ಚಾಗಿದೆ. ಅದರಿಂದ ರಕ್ತದಲ್ಲಿ ಉಪ್ಪಿನಂಶ ತೀರಾ ಇಳಿದುಹೋಗಿದೆ. ಇನ್ನೂ ಸ್ವಲ್ಪ ನೀರು ಒಳಗೆ ಹೋಗಿದ್ದರೆ ಕಷ್ಟವಿತ್ತು" ಅಂದರು. ಬಸ್ ಡ್ರೈವರ್ ಆಗಿದ್ದ ಭಾವ ಡ್ಯೂಟಿ ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ, ಖಾಕಿ ಅಂಗಿಯಲ್ಲೇ ಓಡಿಬಂದಿದ್ದರು. ಕೇಳಿದ ತಕ್ಷಣ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕೂತುಬಿಟ್ಟರು.

ಚಿಕಿತ್ಸೆಯಾಗಿ ಮಾತು ಸರಿಯಾದ ಮೇಲೆ ಅಕ್ಕ ಕೇಳಿದ್ದು ಮ್ಯಾರಥಾನ್ ವಿಷಯವನ್ನೇ. ನನಗೆ ಅವಳ ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಡಾಕ್ಟರಮ್ಮ ಮಾತ್ರ ಸಮಾಧಾನವಾಗಿ ಹೇಳಿದರು. "ಇನ್ನೊಂದು ಸಲ ರಕ್ತ ನೋಡೋಣ. ಸರಿಯಿದ್ದರೆ ಓಡಿ. ಉಪ್ಪು ಬಿಡಬೇಡಿ. ಬಾಯಾರಿಕೆಯಾದಾಗ ಮಾತ್ರ ನೀರು ಕುಡೀರಿ."

"ಬಾಯಾರಿಕೆ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

ತಮಾಷೆ ಅಂದ್ಕೊಂಡು ಅವರು ನಕ್ಕರು. ನಮಗೆ ನಗು ಬರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಮೇಲಿನ ವಾರಗಳನ್ನು ನಾವು ಹೇಗೆ ಕಳೆದೆವೋ ನಮಗೇ ಗೊತ್ತು. ರಕ್ತದ ರಿಪೋರ್ಟ್ ಸರಿ ಬಂತು. ಮ್ಯಾರಥಾನ್ ಹತ್ತಿರ ಬಂದಿದ್ದರಿಂದ ಓಟ ಕಡಿಮೆ ಮಾಡಬೇಕಿತ್ತು, ಮಾಡಿದಳು. ಊಟ ಹೆಚ್ಚು ಮಾಡಬೇಕಿತ್ತು, ಅದನ್ನು ಭಾವ ನೋಡಿಕೊಂಡರು. ಅನ್ನ, ಆಲೂಗಡ್ಡೆ, ಬ್ರೆಡ್ಡು, ಬಾಳೆಹಣ್ಣು, ಒಂದಾದ ಮೇಲೊಂದು. "ರೀ, ನಾನು ಓಡಬೇಕೋ ಉರುಳಬೇಕೋ?" ಅಂತ ಅಕ್ಕ ಗೋಗರೆಯೋಳು. "ಮೊದಲು ತಿನ್ನು, ಆಮೇಲೆ ಯೋಚನೆ ಮಾಡು" ಅಂತ ಭಾವ ತಟ್ಟೆಗೆ ಉಪ್ಪು ಉದುರಿಸೋರು.

ಕಷ್ಟ ಇದ್ದದ್ದು ನೀರಿನದು. ಲಾಂಡ್ರಿಯಲ್ಲಿ ಬೆಲ್ ಹೊಡೆದರೆ ಅವಳ ಕೈ ತಾನಾಗಿ ಲೋಟಕ್ಕೆ ಹೋಗಿ, ಅಲ್ಲೇ ನಿಲ್ಲೋದು. "ಬಾಯಾರಿದೆಯಾ?" ಅಂತ ನಾನು ಇಸ್ತ್ರಿ ಯಂತ್ರದಿಂದ ಕೂಗಿ ಕೇಳ್ತಿದ್ದೆ. "ಗೊತ್ತಿಲ್ಲ ಕಣೇ. ಹೆದರಿಕೆ ಆಗ್ತಿದೆ, ಅಷ್ಟೇ." ಒಂದು ಮಧ್ಯಾಹ್ನ ನೀರಿನ ನಲ್ಲಿ ಹತ್ತಿರ ನಿಂತು ಅತ್ತುಬಿಟ್ಟಳು. "ಕಣ್ಣು ಮುಚ್ಚಿದರೆ ಅಪ್ಪನ ತುಟಿ ಕಾಣುತ್ತೆ." ನಾನೂ ಅತ್ತೆ. ಕುಡಿ ಅನ್ನೋಕೂ ಭಯ, ಬೇಡ ಅನ್ನೋಕೂ ಭಯ. ಯಾವುದು ಅವಳನ್ನು ಉಳಿಸುತ್ತೆ, ಯಾವುದು ಕೊಲ್ಲುತ್ತೆ ಅಂತ ನನಗೇನು ಗೊತ್ತು?

"ಬಿಟ್ಟುಬಿಡು, ಓಡಬೇಡ" ಅಂತ ಕೈ ಮುಗಿದೆ.

"ಓಡೋದು ಬಿಟ್ಟರೆ ಈ ಹೆದರಿಕೆ ಹೋಗುತ್ತಾ?" ಅಂದಳು.

ಮ್ಯಾರಥಾನ್ ದಿನ ಗಡಿಯಾರವನ್ನು ನನ್ನ ಕೈಗೆ ಕೊಟ್ಟು ಹೋದಳು. ಭಾವನೂ ನಾನೂ ಓಟಗಾರರಿಗೆ ನೀರಿಟ್ಟಿದ್ದ ಮೊದಲ ಮೇಜಿನ ಹತ್ತಿರ ಕಾದೆವು. ಬಂದಳು, ಕೈ ಹಿಂದಕ್ಕೆ ಕಟ್ಟಿಕೊಂಡು ಮೇಜು ದಾಟಿದಳು. ಮುಖ ಬಿಳಿಚಿತ್ತು, ನಮ್ಮನ್ನು ನೋಡಲೇ ಇಲ್ಲ. ಗಲ್ಲಿಗಳಲ್ಲಿ ನುಗ್ಗಿ ಇನ್ನೊಂದು ಮೇಜಿಗೆ ಓಡಿದೆವು. ಅಲ್ಲೂ ಕುಡಿಯಲಿಲ್ಲ. "ಭಾವ, ಹಟಕ್ಕೆ ಬಿದ್ದು ಒಣಗಿ ಸಾಯ್ತಾಳೆ ಇವಳು!" ಅಂತ ಕಿರುಚಿದೆ. ಬಿಸಿಲು ಏರ್ತಾ ಇತ್ತು. ಭಾವ ನನ್ನ ಕೈ ಹಿಡಿದು ಎಳೆದುಕೊಂಡು ಓಡಿದರು.

ಮುಂದಿನ ಮೇಜಿನ ಹತ್ತಿರ ಎಷ್ಟೋ ಜನ ಬಂದು ಹೋದರು, ಅಕ್ಕ ಇಲ್ಲ. ಕೊನೆಗೆ ತಿರುವಿನಲ್ಲಿ ಕಂಡಳು. ತುಟಿ ಒಣಗಿ ಬೆಳ್ಳಗಾಗಿತ್ತು. ನೋಡಿದ್ದೇ ನನಗೆ ಅಪ್ಪ ನೆನಪಾದರು. ಅವಳು ನೇರ ನನ್ನ ಹತ್ತಿರ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಲೇ, ಬಾಯಾರಿಕೆ ಆಗ್ತಿದೆ ಕಣೇ! ನಿಜವಾಗ್ಲೂ ಬಾಯಾರಿಕೆ!"

ಲೋಟ ಕೊಟ್ಟೆ. ನಿಧಾನವಾಗಿ ಎರಡು ಗುಟುಕು ಕುಡಿದಳು, ಇನ್ನೊಂದು ಗುಟುಕು. ಅರ್ಧಕ್ಕೇ ಲೋಟ ವಾಪಸ್ ಕೊಟ್ಟು "ಸಾಕು" ಅಂದು ಹೊರಟೇಹೋದಳು. ಅಪ್ಪ ಹೋದ ಮೇಲೆ ನೀರಿಗೆ ಅವಳು ಸಾಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.