ಕೊನೆಯ ಚೀಲ ಕಟ್ಟಿಗೆಪುಡಿ

ಇಬ್ರಾಹಿಂಪುರದ ಆಶಾಬಿ ಇಪ್ಪತ್ತು ವರ್ಷ ಹಿತ್ತಲಿನ ಕೋಳಿಗೂಡಿಗೆ ಹಾಸಿದ್ದು, ಬಡಿಗ ಗಂಡ ಮಲಂಗಸಾಬ ಬಾಗಿಲು ಕಿಟಕಿಗೆಂದು ಮರ ಕೊಯ್ದಾಗ ಉದುರುತ್ತಿದ್ದ ಕಟ್ಟಿಗೆಪುಡಿಯನ್ನೇ. ಅವನು ತೀರಿಹೋದ ಮೇಲೆ ಒಂದು ಚೀಲ ಉಳಿಯಿತು. ಅದನ್ನು ಕೋಳಿಗಳ ಕಾಲಡಿ ಸುರಿಯಲು ಮನಸ್ಸಾಗದೆ, ಗಾಣದ ಹಿಂದೆ ರಾಶಿ ಬಿದ್ದಿದ್ದ ಶೇಂಗಾ ಹೊಟ್ಟನ್ನು ತಂದು ಹಾಸಿದಳು.

ನೆರೆಮನೆಯ ಶಂಕ್ರೆವ್ವ ಮೂಸಿ ನೋಡಿ ರೇಗಿದಳು: "ಹೊಟ್ಟು ಹಸಿ ಐತಿ, ಬೂಸರು ಹಿಡೀತೈತಿ. ಮನ್ಯಾಗ ಒಣಾ ಪುಡಿ ಇಟಗೊಂಡು ಇದನ್ಯಾಕ ಹಾಸಾಕತ್ತಿ ಬೇ?"

"ಅದು ಅವರ ಕೈಯಾಗಿಂದು, ಯಕ್ಕಾ."

ಹೊಟ್ಟು ಬೂಸರು ಹಿಡಿಯಿತು. ಬಾಯಿ ತೆರೆದು ಏದುಸಿರು ಬಿಡುತ್ತ ಕೋಳಿಗಳು ಒಂದೊಂದಾಗಿ ಸತ್ತವು. ಮರಿಯಿದ್ದಾಗಿನಿಂದ ಮಲಂಗಸಾಬ ಸಾಕಿದ್ದ ಕೆಂಪು ಹ್ಯಾಟೆಕೋಳಿ ಕೊನೆಗೆ ಹೋಯಿತು. ಅದನ್ನು ಹೂಳಲು ತೋಡಿದ ಕುಣಿಯ ತಳ ತೇವವಾಗಿತ್ತು. ಆಶಾಬಿ ಒಳಗಿಂದ ಚೀಲ ತಂದು, ಬಾಯಿ ಬಿಚ್ಚಿ, ಪುಡಿಯನ್ನಷ್ಟೂ ಮೆತ್ತಗೆ ಹಾಸಿದಳು.