ಚಿಪ್ಪಿನ ಕಲ್ಲು

ಮೊನ್ನೆ ಮೊಮ್ಮಗಳು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದಳು. ಸೀಮೆಸುಣ್ಣ ನೆನೆದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಬಾಲ್ಕನಿ ಕಣ್ಣೆದುರು ಬಂತು. ಪಕ್ಕದ ಫ್ಲ್ಯಾಟಿನ ಅಣ್ಣ ಕೂಡ...

ಎಂಬತ್ತರ ದಶಕದ ಕೊನೆ. ನಾನು ಮೈಸೂರಿನವನು, ಮಸ್ಕತ್ತಿನ ಟ್ರೇಡಿಂಗ್ ಕಂಪನಿಯೊಂದರಲ್ಲಿ ಗುಮಾಸ್ತ. ಅಣ್ಣ ಮೂಲ್ಕಿ ಕಡೆಯವರು, ದೊಡ್ಡ ಹೋಟೆಲೊಂದರಲ್ಲಿ ವೈನ್ ಸ್ಟೋರ್ ನೋಡಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ಅವರ ಕೈಯಲ್ಲಿ ಒಂದು ಭಾರದ ಬಟ್ಟೆಚೀಲ. ಮೆಟ್ಟಿಲು ಹತ್ತುವಾಗ ಒಳಗೆ ಗಾಜು ಟಿಣ್ ಅನ್ನುತ್ತಿತ್ತು. ಕುಡಿಯದ ಮನುಷ್ಯನಿಗೆ ಬಾಟಲಿ ಯಾಕೆ? ನಾನೋ ಹುಟ್ಟಾ ಅನುಮಾನದ ಪ್ರಾಣಿ. ಅಂಗಡಿಯವನು ಕಣ್ಣೆದುರೇ ತೂಗಿ ಕೊಟ್ಟ ಅಕ್ಕಿಯನ್ನು ಮನೆಯಲ್ಲಿ ಮತ್ತೆ ತೂಗುವವನು. ಸಂಜೆ ಅವರು ಬಾಲ್ಕನಿಯಲ್ಲಿ ಲೋಟದ ನೀರಿಗೆ ಏನೋ ಹಾಕಿ, ಕಣ್ಣು ಮುಚ್ಚಿ ಮೂಸುವುದನ್ನು ಪರದೆ ಸರಿಸಿ ನೋಡುತ್ತಿದ್ದೆ. "ಊರ ಉಸಾಬರಿ ನಿಮಗ್ಯಾಕೆ?" ಅಂತ ಹೆಂಡತಿ ಗದರುತ್ತಿದ್ದಳು.

ಒಂದು ಶುಕ್ರವಾರ ಸಾಸಿವೆ ಕೇಳುವ ನೆಪದಲ್ಲಿ ಒಳಗೆ ಹೋದೆ. ಕಿಟಕಿಯ ಬಳಿ ಖಾಲಿ ವೈನ್ ಬಾಟಲಿಗಳ ಸಾಲು, ಒಂದೊಂದರಲ್ಲಿ ಅವರು ಮೂಸಿ ಕಲಿಯಲೆಂದು ತುಂಬಿಟ್ಟ ಒಂದೊಂದು ಬಣ್ಣದ ಮಣ್ಣು. ಅಣ್ಣ ಬಿಳಿ ಕಲ್ಲೊಂದನ್ನು ನೀರಿಗೆ ಅದ್ದಿ ನನ್ನ ಮೂಗಿಗೆ ಹಿಡಿದರು.

"ಫ್ರಾನ್ಸಿನ ಗುಡ್ಡೆಯದ್ದು ಮಾರಾಯ್ರೆ. ಒಳಗೆ ಚಿಪ್ಪು ಉಂಟು ನೋಡಿ. ನನ್ನ ಅಜ್ಜ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ದರು. ಅದೇ ಪರಿಮಳ. ಆ ಗುಡ್ಡೆಯ ವೈನಿನಲ್ಲೂ ಇದೇ ಬರ್ತದೆ."

ಹೋಟೆಲಿಗೆ ಬಂದಿದ್ದ ದ್ರಾಕ್ಷಿತೋಟದ ಯಜಮಾನರು ಕೊಟ್ಟ ಕಲ್ಲಂತೆ. ತಲೆಮಾರುಗಳಿಂದ ಅವರ ಮನೆಯವರೇ ಬಿಳಿ ವೈನ್ ಮಾಡುತ್ತಿದ್ದರಂತೆ. ಗುಡ್ಡದ ಮೇಲಿನ ಸುಣ್ಣಮಣ್ಣಿನ ದ್ರಾಕ್ಷಿ ಒಂದು ಪೀಪಾಯಿಗೆ, ಕೆಳಗಿನ ಜೇಡಿಮಣ್ಣಿನದು ಇನ್ನೊಂದಕ್ಕೆ. ಅಪ್ಪ ರುಚಿ ನೋಡಿ ಹೂಂ ಅನ್ನುವ ತನಕ ಮಗ ಎರಡನ್ನೂ ಬೆರೆಸುವಂತಿಲ್ಲ. ರುಚಿ ನೋಡಿದ್ದನ್ನೂ ಉಗಿದುಬಿಡಬೇಕಂತೆ. "ಈ ಸಲದ ಕೊಯ್ಲಿಗೆ ಹೋಟೆಲಿನವರು ನನ್ನನ್ನು ಅಲ್ಲಿಗೆ ಕಲಿಯಲಿಕ್ಕೆ ಕಳಿಸ್ತಾರೆ" ಎನ್ನುವಾಗ ಅಣ್ಣನ ಮುಖ ಅರಳಿತ್ತು. ನಾನು ನಂಬಲಿಲ್ಲ. ಕಲ್ಲು ತೋರಿಸಿ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಅಂದುಕೊಂಡೆ.

ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಅವರ ಹೋಟೆಲಿನ ಆಫೀಸಿನವರೊಬ್ಬರು ಬಂದಿದ್ದರು. ಪ್ರಸಾದ ಕೊಡುತ್ತಾ ನಾನು ಅಂದದ್ದು ಇಷ್ಟೇ: "ನಿಮ್ಮ ಸ್ಟೋರಿನವರ ಚೀಲ ಯಾಕೋ ಬಹಳ ಭಾರ ಇರುತ್ತಲ್ಲ ಸಾರ್?" ಅಣ್ಣ ಆಗ ನಾಲ್ಕು ಎಲೆ ಆಚೆ ನಮ್ಮ ಪಂಕ್ತಿಗೇ ಸಾರು ಬಡಿಸುತ್ತಿದ್ದರು.

ಮರುವಾರ ಹೋಟೆಲಿನ ಗೇಟಿನಲ್ಲಿ ಚೀಲ ಬಿಚ್ಚಿಸಿದರು. ಸಿಕ್ಕಿದ್ದು ಎರಡು ಖಾಲಿ ಬಾಟಲಿ. ಆದರೆ ಖಾಲಿ ಬಾಟಲಿಯನ್ನೂ ಅಲ್ಲೇ ಒಡೆದುಹಾಕಬೇಕು, ಹೊರಗೆ ಒಯ್ಯುವಂತಿಲ್ಲ ಎಂಬುದು ಅವರ ನಿಯಮ. ಫ್ರಾನ್ಸ್ ಖಲಾಸ್. ಅಣ್ಣನನ್ನು ಲಾಂಡ್ರಿಗೆ ಹಾಕಿದರು. ಆಮೇಲೆ ಸಂಜೆ ಅವರು ಬಾಲ್ಕನಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಎರಡು ವರ್ಷ ಬಿಟ್ಟು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ನಮ್ಮ ಬಾಗಿಲಲ್ಲಿ ನಿಂತು ಆ ಬಿಳಿ ಕಲ್ಲನ್ನು ನನ್ನ ಕೈಗಿಟ್ಟರು.

"ನೀವೇ ಇಟ್ಕೊಳ್ಳಿ. ಇದನ್ನು ನನ್ನಷ್ಟೇ ನೋಡಿದವರು ನೀವು."

ಗೊತ್ತಿದ್ದೇ ಹೇಳಿದರೋ, ಸುಮ್ಮನೆ ಅಂದರೋ... ಮುಖದಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ತಪ್ಪಾಯಿತು ಅನ್ನುವ ಬದಲು ಅವರ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಸಿಕೊಟ್ಟೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ವರ್ಷವೇ ಕಳೆದಿತ್ತು.

ಮೊನ್ನೆ ಕಪಾಟಿನಿಂದ ಆ ಕಲ್ಲು ತೆಗೆದು ನೀರಿಗೆ ಅದ್ದಿದೆ. ಮೊಮ್ಮಗಳು ಮೂಸಿ ನೋಡಿ, "ಯಾರು ಕೊಟ್ಟಿದ್ದು ತಾತಾ?" ಅಂದಳು.

"ಪಕ್ಕದ ಮನೆ ಅಣ್ಣ."

"ಯಾಕೆ ಕೊಟ್ಟರು?"

ಎಲ್ಲರ ಚೀಲದ ತಳ ನೋಡಬೇಕೆನ್ನುವ ನಾನು, ಇದೊಂದನ್ನು ಮಾತ್ರ ಹೆದರಿ ಅವರಲ್ಲಿ ಕೇಳಲಿಲ್ಲ. ಈಗ ಕೇಳೋಣವೆಂದರೆ ಅಣ್ಣ ಇಲ್ಲ.