ಕೀಳಲು ಮರೆತ ನೀಲಿ ಹಾಳೆ

ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವವರೆಲ್ಲ ನಮ್ಮಣ್ಣನನ್ನು ‘ಉಫ್ ಮೇಷ್ಟ್ರು’ ಅಂತಲೇ ಕರೆಯುವುದು. ಗ್ರಾಫಿಕ್ಸ್ ಕಾರ್ಡಿನ ಮೇಲಿನ ಧೂಳನ್ನು ಯಾರಾದರೂ ಬಾಯಿಂದ ಉಫ್ ಅಂತ ಊದಿದರೆ ಅವನ ಪಿತ್ತ ನೆತ್ತಿಗೇರುತ್ತದೆ. “ಎಂಜಲು ಹಾರುತ್ತೆ ಕಣ್ರೀ. ಅದೇನು ಬಿಸಿ ಕಾಫೀನಾ, ಊದಿ ಆರಿಸೋಕೆ?”

ಅವನ ಕೆಲಸಕ್ಕೆ ಒಂದು ಕ್ರಮವಿದೆ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದೇ ಬ್ಲೋವರ್ ಹಾಕುತ್ತಾನೆ. ಬಿಟ್ಟರೆ ಅದು ಹುಚ್ಚೆದ್ದು ತಿರುಗಿ ಹಾಳಾಗುತ್ತದೆ. ನಡುವಿನ ದೊಡ್ಡ ಚಿಪ್ಪಿನ ಮೇಲೆ ಒಣಗಿದ ಪೇಸ್ಟನ್ನು ಒರೆಸಿ ಹೊಸದು ಹಚ್ಚುತ್ತಾನೆ. ಮೆಮೊರಿ ಚಿಪ್‌ಗಳ ಮೇಲೆ ಮೆತ್ತನೆಯ ಪ್ಯಾಡ್ ಇಡುತ್ತಾನೆ; ಅವುಗಳ ಬಿಸಿ ಅದರ ಮೂಲಕವೇ ಮೇಲಿನ ಲೋಹಕ್ಕೆ ದಾಟಬೇಕು. ಪ್ಯಾಡಿನ ಎರಡೂ ಬದಿಗೆ ತೆಳ್ಳನೆಯ ನೀಲಿ ಹಾಳೆ ಅಂಟಿರುತ್ತದೆ. ಕೆಳಗಿನದನ್ನು ಮೊದಲೇ ಕೀಳುತ್ತಾನೆ. ಧೂಳು ಕೂರಬಾರದೆಂದು ಮೇಲಿನದನ್ನು ಮುಚ್ಚುವ ಗಳಿಗೆಯಲ್ಲಿ ಕೀಳುತ್ತಾನೆ. ಆಮೇಲೆ ಅರ್ಧ ಗಂಟೆ ಓಡಿಸಿ ನೋಡದೆ ಯಾರ ಕೈಗೂ ಕೊಡುವುದಿಲ್ಲ. ಈ ನಿಯಮವೆಲ್ಲ ಊರಿನವರಿಗೆ. ಮನೆಯ ಕಂಪ್ಯೂಟರನ್ನು ಮಾತ್ರ ಎಂಟು ತಿಂಗಳಿಂದ ಬಿಚ್ಚಿರಲಿಲ್ಲ.

ಅದಕ್ಕೆ ಕಾರಣ ಅತ್ತಿಗೆ. ಗಂಟಲ ಆಪರೇಷನ್ನಿನಲ್ಲಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲೊಂದು ತೂತು ಬಿಟ್ಟರು. ಅದಕ್ಕೆ ಮೊದಲು ಅಣ್ಣ ಹತ್ತು ದಿನ ಕೂರಿಸಿ ಅವಳ ಮಾತು ರೆಕಾರ್ಡ್ ಮಾಡಿಕೊಂಡಿದ್ದ. ಈಗ ಅವಳು ಟೈಪ್ ಮಾಡಿದ್ದನ್ನು ಆ ಕಂಪ್ಯೂಟರ್ ಅವಳದೇ ದನಿಯಲ್ಲಿ ಹೇಳುತ್ತದೆ. ಆ ದುಡಿಮೆಯೆಲ್ಲ ಗ್ರಾಫಿಕ್ಸ್ ಕಾರ್ಡಿನದು. ದನಿ ಇರುವುದು ಡಿಸ್ಕಿನಲ್ಲಿ, ಕಾರ್ಡಿನಲ್ಲಲ್ಲ. ಅದು ಅಣ್ಣನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬಿಚ್ಚಲು ಕೈ ಬರುತ್ತಿರಲಿಲ್ಲ. ಬಿಚ್ಚಿದರೆ ಅವಳೇ ಹೊರಟುಹೋಗುತ್ತಾಳೆ ಅನ್ನುವವನ ಹಾಗೆ ಆಡುತ್ತಿದ್ದ.

ಅತ್ತಿಗೆಯ ತಾಯಿಗೆ ಕಣ್ಣು ಕಾಣದು, ಇರುವುದು ದೂರದಲ್ಲಿ, ಹಿರಿಮಗನ ಮನೆಯಲ್ಲಿ. ಅವರ ಹೃದಯ ತಡೆಯದು ಅಂತ ಆಪರೇಷನ್ ಸುದ್ದಿಯನ್ನು ಮುಚ್ಚಿಟ್ಟೆವು. ಪ್ರತಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅವರ ಫೋನು ಬರುತ್ತದೆ. ಕಂಪ್ಯೂಟರ್ ಮಾತಾಡುತ್ತದೆ, ಅವರು ನಂಬುತ್ತಾರೆ. ಹಾಗಂತ ನಾವು ಅಂದುಕೊಂಡಿದ್ದೆವು.

ಆ ಭಾನುವಾರ ಎಂಟು ಗಂಟೆಗೆ ಕಂಪ್ಯೂಟರ್ ಕಾದು ಆರಿಹೋಯಿತು. ಮತ್ತೆ ಹಾಕಿದರೆ ಮೂರೇ ನಿಮಿಷಕ್ಕೆ ಮತ್ತೆ ಆರಿತು. ಅಣ್ಣ ನನ್ನನ್ನು ಕರೆಸಿದ. ನಾನು ಟಾರ್ಚ್ ಹಿಡಿದೆ, ಅವನು ಕಾರ್ಡ್ ಬಿಚ್ಚಿದ. ಒಳಗೆ ಧೂಳು ಹಳೇ ಕಂಬಳಿ ತುಂಡಿನ ಹಾಗೆ ದಟ್ಟವಾಗಿ ಕೂತಿತ್ತು.

“ಊರವರಿಗೆಲ್ಲ ಬೈತೀನಿ, ನನ್ನ ಮುಖಕ್ಕೆ ಯಾರು ಉಗೀಬೇಕು?” ಅಂದ.

“ಆಮೇಲೆ ನಾನೇ ಉಗೀತೀನಿ. ಈಗ ಕೆಲಸ ನೋಡು.”

ಒಂದು ಸ್ಕ್ರೂ ಮಂಚದ ಕೆಳಗೆ ಉರುಳಿ ಅರ್ಧ ಗಂಟೆ ತಿಂದಿತು. ಹಳೇ ಪ್ಯಾಡುಗಳು ಪುಡಿಪುಡಿಯಾದವು. ಹೊಸದಕ್ಕೆ ನಾನು ಅಂಗಡಿಗೆ ಓಡಿ ಬಂದಾಗ ಹತ್ತೂ ನಲವತ್ತು. ಅವನು ಪ್ಯಾಡುಗಳನ್ನು ಇಟ್ಟು ಮುಚ್ಚಬೇಕು, ಅಷ್ಟರಲ್ಲಿ ಅತ್ತಿಗೆ ಸ್ಲೇಟು ಮುಂದೆ ಹಿಡಿದಳು. ‘ಅಮ್ಮನಿಗೆ ಗೊತ್ತಾದರೆ ಉಳಿಯಲ್ಲ’ ಅಂತ ಬರೆದಿತ್ತು. ಅಣ್ಣ ಓದಿದ, ತೋಳಿನಿಂದ ಕಣ್ಣೊರೆಸಿಕೊಂಡ, ಮುಚ್ಚಿ ಸ್ಕ್ರೂ ಬಿಗಿದ.

ಹತ್ತೂ ಐವತ್ತೆರಡಕ್ಕೆ ಕಂಪ್ಯೂಟರ್ ಶುರುವಾಯಿತು. ಅರವತ್ತೆರಡು ಡಿಗ್ರಿ ತೋರಿಸಿತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಆ ಅಂಕಿ ದೊಡ್ಡ ಚಿಪ್ಪಿನದು. ಮೆಮೊರಿಯ ಬಿಸಿಯನ್ನು ಆ ಕಾರ್ಡ್ ತೋರಿಸುವುದೇ ಇಲ್ಲ. ಅರ್ಧ ಗಂಟೆ ಓಡಿಸಿ ನೋಡಲು ಹೊತ್ತೆಲ್ಲಿತ್ತು?

ಫೋನು ಬಂತು, ಸ್ಪೀಕರಿಗೆ ಹಾಕಿದೆವು. ಅವರು ಮಂಡಿನೋವು, ಸೊಸೆಯ ಸಿಡುಕು ಎಲ್ಲ ಹೇಳಿದರು. ಅತ್ತಿಗೆ ಟೈಪ್ ಮಾಡಿದಳು, ಕಂಪ್ಯೂಟರ್ ಉತ್ತರ ಕೊಟ್ಟಿತು. ನಾಲ್ಕನೇ ಉತ್ತರಕ್ಕೆ “ನಾನು ಚೆನ್ನಾಗಿದೀನಮ್ಮ, ನೀನು ಮಾತ್ರೆ” ಅಂದು ನಿಂತಿತು. ಪರದೆಯ ತುಂಬ ಗೆರೆ ಮೂಡಿ ಕಪ್ಪಾಯಿತು.

ಅಣ್ಣ ಫೋನು ಎತ್ತಿಕೊಂಡ. “ಅತ್ತೆ, ಲೈನು ಸರಿ ಇಲ್ಲ...”

“ಸಾಕು ಅಳಿಯಂದ್ರೆ,” ಅಂದರು ಅವರು. “ಎಂಟು ತಿಂಗಳಿಂದ ನನ್ನ ಮಾತು ಮುಗಿಯೋವರೆಗೂ ಅವಳು ಕಾಯ್ತಾಳೆ. ನನ್ನ ಮಗಳು ಹುಟ್ಟಿದಾಗಿಂದ ನನಗೆ ಒಂದು ಮಾತು ಪೂರ್ತಿ ಆಡೋಕೆ ಬಿಟ್ಟವಳಲ್ಲ. ಯಾವುದೋ ಮಿಷನ್ನಲ್ಲಿ ಅವಳ ದನಿ ಹಾಕ್ತಿದೀರ. ಅವಳು ಯಾವಾಗ ಹೋದ್ಲು, ಅದೊಂದು ಹೇಳಿಬಿಡಿ.”

“ಇದಾಳೆ ಅತ್ತೆ, ಇಲ್ಲೇ ಇದಾಳೆ. ಗಂಟಲು ಆಪರೇಷನ್ ಆಗಿದೆ, ಮಾತು ಹೋಗಿದೆ ಅಷ್ಟೆ.”

“ಇಷ್ಟು ದಿನ ಸುಳ್ಳು ಹೇಳಿದೋರು. ಇದನ್ನ ಹೇಗೆ ನಂಬಲಿ?”

ನಾನೂ ಆಣೆ ಇಟ್ಟು ಹೇಳಿದೆ. ಆ ಸುಳ್ಳಿನಲ್ಲಿ ಪಾಲಿದ್ದ ನನ್ನ ಆಣೆಗೆ ಏನು ಬೆಲೆ? ಅತ್ತಿಗೆ ಬಾಯಿ ತೆರೆದಳು. ಕತ್ತಿನ ತೂತಿನಿಂದ ಬರೀ ಗಾಳಿ ಬಂತು. ಅಷ್ಟು ಅಸಹಾಯಕಳಾಗಿ ಅವಳನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

“ಕೊನೇ ಸಲ ಅವಳ ಮುಖ ಮುಟ್ಟೋಕೂ ನನ್ನನ್ನ ಕರೆ...”

ಅತ್ತಿಗೆ ಸ್ಕ್ರೂಡ್ರೈವರ್ ಎತ್ತಿ ಕಂಪ್ಯೂಟರಿನ ತಗಡಿಗೆ ಪಟಪಟ ಹೊಡೆದಳು. ಆ ಕಡೆ ಮಾತು ನಿಂತಿತು.

“ಯಾರದು?” ಅಂದರು. “ನೀನೇ ಆಗಿದ್ರೆ ಕೇಳು. ನೀನು ಚಿಕ್ಕವಳಿದ್ದಾಗ ಒಂದಿನ...”

ಮತ್ತೆ ಪಟಪಟ.

“ಅವಳೇ,” ಅಂದರು. ಅಳುತ್ತಿದ್ದರು. “ಮುಗಿಸೋಕೆ ಬಿಡಲ್ಲ. ಅವಳೇ.”

ಅಣ್ಣ ನೆಲದಲ್ಲಿ ಕೂತು ಕಾರ್ಡನ್ನು ಮತ್ತೆ ಬಿಚ್ಚಿದ. ಪ್ಯಾಡುಗಳ ಮೇಲಿನ ನೀಲಿ ಹಾಳೆ ಹಾಗೇ ಇತ್ತು. ಒಂದನ್ನು ಕಿತ್ತು ಬೆರಳ ತುದಿಯಲ್ಲಿ ಹಿಡಿದು ಕೂತ, ಮತ್ತೆ ಜೋಡಿಸಲು ಹೋಗಲಿಲ್ಲ. ಹನ್ನೆರಡರವರೆಗೂ ಆ ತಾಯಿ ಒಂದಾದ ಮೇಲೊಂದು ಮಾತು ಶುರುಮಾಡುತ್ತಲೇ ಇದ್ದರು. ಅತ್ತಿಗೆ ಒಂದನ್ನೂ ಮುಗಿಸಗೊಡಲಿಲ್ಲ.